ಕೆರೆ ನೀರು ಹಸಿರಾಗುವುದು ಏಕೆ? ನಮ್ಮ ಕೆರೆಗಳ ಕಾಣದ ಜೀವಿಗಳ ಪರಿಚಯ

ಬೇಸಿಗೆ ರಜೆಗೆ ಊರಿಗೆ ಬಂದ ಮಕ್ಕಳು ಕೆರೆಗೆ ಈಜಲು ಹೋಗುತ್ತೇವೆಂದರೆ ಹಿರಿಯರು ಮೊದಲೆಲ್ಲ ನೀರಿನ ಆಳವನ್ನಷ್ಟೇ ವಿಚಾರಿಸುತ್ತಿದ್ದರು. ಕೇರಳದಲ್ಲಿ 2024 ಮತ್ತು 2025ರಲ್ಲಿ ‘ಮಿದುಳು ತಿನ್ನುವ ಅಮೀಬಾ’ದ ಸೋಂಕು ಮೇಲಿಂದ ಮೇಲೆ ವರದಿಯಾದ ನಂತರ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಆ ನೀರಿನಲ್ಲಿ ಕಣ್ಣಿಗೆ ಕಾಣದ್ದು ಏನೇನಿದೆ?

ಹುಬ್ಬಳ್ಳಿ-ಧಾರವಾಡದವರಿಗೆ ಈ ಪ್ರಶ್ನೆ ತೀರಾ ಹೊಸದೇನಲ್ಲ. ಉಣಕಲ್ ಕೆರೆಯ ದಂಡೆಯಲ್ಲಿ ವಾಕಿಂಗ್ ಮಾಡುವವರು ಮೂಗು ಮುಚ್ಚಿಕೊಂಡದ್ದುಂಟು, ಕೆಲಗೇರಿ ಕೆರೆಯ ಮೇಲೆ ಅಂತರಗಂಗೆ ಹಬ್ಬಿದ್ದನ್ನು ಕಂಡದ್ದುಂಟು. ನೀರು ಕೆಲವೇ ದಿನಗಳಲ್ಲಿ ಹಸಿರಾಗುವುದು, ಬೆಳಗಾಗುವಷ್ಟರಲ್ಲಿ ಮೀನು ಸತ್ತು ದಂಡೆಗೆ ಬರುವುದು, ಕೆಸರಿನಿಂದ ಗುಳ್ಳೆ ಏಳುವುದು, ನಲ್ಲಿ ನೀರಿಗೆ ಮಣ್ಣಿನ ವಾಸನೆ ಹತ್ತುವುದು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳೆನಿಸುತ್ತವೆ. ಎಲ್ಲದರ ಹಿಂದೆ ಇರುವುದು ಸೂಕ್ಷ್ಮಜೀವಿಗಳ ನಿತ್ಯದ ಬದುಕು. ಕೆರೆಯಲ್ಲಿ ಯಾವ ಸೂಕ್ಷ್ಮಜೀವಿಯ ಕೈ ಮೇಲಾಗಬೇಕು ಎಂಬುದನ್ನು ಬಿಸಿಲು ಒಂದಿಷ್ಟು ನಿರ್ಧರಿಸುತ್ತದೆ, ನಾವು ಕೆರೆಗೆ ಬಿಡುವುದು ಇನ್ನೊಂದಿಷ್ಟು.

## ಒಂದು ಹನಿಯಲ್ಲಿ ಎಷ್ಟು ಮಂದಿ?

ಸೂಕ್ಷ್ಮಜೀವಿ ಎಂದರೆ ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಚಿಕ್ಕ ಜೀವಿ. ಗಾತ್ರ ನೋಡಿ ಇಟ್ಟ ಈ ಹೆಸರಿನಡಿ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಹಲವು ಕುಲಗಳು ಸೇರಿವೆ. ಸಾಮಾನ್ಯ ಕೆರೆ ನೀರಿನ ಒಂದು ಮಿಲಿಲೀಟರಿನಲ್ಲಿ, ಅಂದರೆ ಔಷಧಿ ಡ್ರಾಪರಿನ ಸುಮಾರು 20 ಹನಿಗಳಲ್ಲಿ, ಹತ್ತಿರ ಹತ್ತಿರ 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ವೈರಸ್‌ಗಳು ಅದರ ಹತ್ತು ಪಟ್ಟು, ಸುಮಾರು 1 ಕೋಟಿ. ಸ್ವಚ್ಛವಾಗಿ ಕಾಣುವ ಕೆರೆಯಲ್ಲೂ ಲೆಕ್ಕ ಇದೇ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ‘ನೀರಿನಲ್ಲಿ ಬ್ಯಾಕ್ಟೀರಿಯಾ ಇದೆ’ ಎಂಬ ಸುದ್ದಿಯಿಂದ ಏನೂ ತಿಳಿಯುವುದಿಲ್ಲ. ಯಾವ ಬ್ಯಾಕ್ಟೀರಿಯಾ ಎಂಬುದನ್ನು ಕೇಳಬೇಕು.

ಬ್ಯಾಕ್ಟೀರಿಯಾ ಒಂದೇ ಕೋಶದ ಜೀವಿ. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ನಿಲ್ಲಿಸಿದರೆ ಸಾವಿರ ಹಿಡಿಸುತ್ತವೆ. ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಮನುಷ್ಯನ ಗೊಡವೆಯೇ ಇಲ್ಲ. ನೀರಿಗೆ ಬಿದ್ದ ಎಲೆ, ಸತ್ತ ಹುಳ, ದನದ ಸೆಗಣಿಯನ್ನು ಕೊಳೆಯಿಸಿ ತಿಂದುಕೊಂಡಿರುತ್ತವೆ. ಅವುಗಳಲ್ಲೇ ಒಂದು ಗುಂಪು ಗಿಡಗಳಂತೆ ಬಿಸಿಲು ಬಳಸಿ ಆಹಾರ ಮಾಡಿಕೊಳ್ಳುತ್ತದೆ. ಅದೇ ಸಯನೋಬ್ಯಾಕ್ಟೀರಿಯಾ, ಶಾಲೆಯ ಪುಸ್ತಕದ ನೀಲಿ-ಹಸಿರು ಪಾಚಿ. ಹೆಸರಿನಲ್ಲಿ ಪಾಚಿ ಎಂದಿದ್ದರೂ ಕುಲದಿಂದ ಅದು ಬ್ಯಾಕ್ಟೀರಿಯಾ. ನಿಜವಾದ ಪಾಚಿಗಳು ಬೇರೆ: ಕಲ್ಲಿನ ಮೇಲೆ ಕಾಲು ಜಾರಿಸುವ ಹಾವಸೆ, ಕೈಗೆ ಕೂದಲಿನಂತೆ ಸಿಗುವ ಹಸಿರು ಎಳೆ, ಗಾಜಿನಂಥ ಚಿಪ್ಪಿನ ಡಯಾಟಮ್ ಇವೆಲ್ಲ ಆ ಗುಂಪಿನವು.

ನೋಡಲು ಬ್ಯಾಕ್ಟೀರಿಯಾದಂತೆಯೇ ಇದ್ದು ಒಳರಚನೆಯಲ್ಲಿ ಪೂರ್ತಿ ಬೇರೆಯಾದ ಆರ್ಕಿಯಾಗಳನ್ನು ಪ್ರತ್ಯೇಕ ಕುಲವೆಂದು ಗುರುತಿಸಿದ್ದು 1977ರಲ್ಲಿ, ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್. ಪ್ರೊಟೊಜೋವಾಗಳು ಬೇಟೆಗಾರರು. ಅಮೀಬಾ ಸೇರುವುದು ಇಲ್ಲಿಯೇ. ಅದರ ದಿನನಿತ್ಯದ ಊಟ ಬ್ಯಾಕ್ಟೀರಿಯಾ. ಶಿಲೀಂಧ್ರಗಳು ಗಟ್ಟಿ ನಾರನ್ನು ಒಡೆಯುತ್ತವೆ. ಇನ್ನು ಕೆರೆಯ ವೈರಸ್‌ಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಗಳನ್ನೇ ಹೊಕ್ಕು ಒಡೆಯುವಂಥವು. ಗಂಗಾ ಮತ್ತು ಯಮುನಾ ನದಿಯ ನೀರಿನಲ್ಲಿರುವ ಏನೋ ಒಂದು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದು ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಬರೆದದ್ದು 1896ರಲ್ಲಿ. ಬ್ಯಾಕ್ಟೀರಿಯಾವನ್ನು ಒಡೆಯುವ ವೈರಸ್‌ಗಳನ್ನು ಗುರುತಿಸಿದ್ದು ಅದಾಗಿ ಸುಮಾರು ಎರಡು ದಶಕದ ಮೇಲೆ.

ಸೂಕ್ಷ್ಮಜೀವಿಗಳ ಕಥೆ ಆರಂಭವಾದದ್ದೇ ಒಂದು ಕೆರೆಯ ದಂಡೆಯಲ್ಲಿ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಲೇವನ್‌ಹುಕ್, ಚಳಿಗಾಲದಲ್ಲಿ ತಿಳಿಯಾಗಿದ್ದು ಬೇಸಿಗೆಯಲ್ಲಿ ಹಸಿರು ಮೋಡ ತೇಲಿಸುವ ಹತ್ತಿರದ ಕೆರೆಯೊಂದರ ನೀರನ್ನು ಗಾಜಿನ ಕೊಳವೆಯಲ್ಲಿ ತಂದ. ಅದು ಇಬ್ಬನಿಯಿಂದ ಆಗುತ್ತದೆ ಎಂದು ಆ ಊರಿನವರು ನಂಬಿದ್ದರು. ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದರೆ ಹಸಿರು ಸುರುಳಿಗಳ ನಡುವೆ ಓಡಾಡುವ ಪುಟ್ಟ ಜೀವಿಗಳು ಕಂಡವು. ಕೆರೆ ಏಕೆ ಹಸಿರಾಯಿತು ಎಂಬ ನಮ್ಮ ಪ್ರಶ್ನೆಗೆ 350 ವರ್ಷ ವಯಸ್ಸಾಗಿದೆ.

## ಎಣಿಸುವುದು ಹೇಗೆ?

ನೂರಾರು ವರ್ಷ ವಿಜ್ಞಾನಿಗಳಿಗೆ ಇದ್ದ ದಾರಿ ಒಂದೇ. ನೀರಿನ ಹನಿಯನ್ನು ತಟ್ಟೆಯಲ್ಲಿಟ್ಟ ಆಹಾರದ ಮೇಲೆ ಹರಡಿ, ಬೆಳೆದು ಚುಕ್ಕೆಯಾದ ಗುಂಪುಗಳನ್ನು ಎಣಿಸುವುದು. ಆದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಸಂಖ್ಯೆಗೂ ತಟ್ಟೆಯಲ್ಲಿ ಬೆಳೆಯುವ ಸಂಖ್ಯೆಗೂ ತಾಳೆಯೇ ಆಗುತ್ತಿರಲಿಲ್ಲ. ನೂರರಲ್ಲಿ ಒಂದು ಬೆಳೆದರೆ ಹೆಚ್ಚು. ಸಿದ್ಧಾರೂಢ ಮಠದ ಜಾತ್ರೆಗೆ ಬಂದ ಜನರನ್ನು ಲೆಕ್ಕ ಹಾಕಲು ಒಂದೇ ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ಕೂತವರನ್ನಷ್ಟೇ ಎಣಿಸಿದರೆ ಹೇಗಾದೀತು, ಇದೂ ಹಾಗೆ. ಮನೆಯಿಂದ ಬುತ್ತಿ ತಂದವರು, ಮಠದಲ್ಲಿ ಪ್ರಸಾದ ಉಂಡವರು, ಉಪವಾಸ ಇದ್ದವರು ಲೆಕ್ಕಕ್ಕೇ ಸಿಗುವುದಿಲ್ಲ.

ಈಗ ಬೆಳೆಸುವ ಗೋಜಿಲ್ಲದೆ, ನೀರನ್ನು ಬಹಳ ಸಣ್ಣ ರಂಧ್ರದ ಹಾಳೆಯಲ್ಲಿ ಸೋಸಿ, ಅದರಲ್ಲಿ ಉಳಿದ ಎಲ್ಲ ಜೀವಿಗಳ ಡಿಎನ್‌ಎ ಒಟ್ಟಿಗೆ ತೆಗೆದು ಓದುತ್ತಾರೆ. ಎಲ್ಲ ಬ್ಯಾಕ್ಟೀರಿಯಾ, ಆರ್ಕಿಯಾಗಳಲ್ಲಿ ಇರುವ, ಸುಮಾರು 1500 ಅಕ್ಷರ ಉದ್ದದ ಒಂದು ಜೀನ್ ಇದೆ. ಕುಲದಿಂದ ಕುಲಕ್ಕೆ ಅದರ ಕೆಲವು ಅಕ್ಷರಗಳು ಬದಲಾಗುತ್ತವೆ. ಅದನ್ನು ನೋಡಿ ಯಾರು ಯಾರು ಇದ್ದರು ಎಂದು ಹೇಳಬಹುದು. ಈ ವಿಧಾನ ಬಂದ ಮೇಲೆ ತಿಳಿದ ಅಚ್ಚರಿಯೆಂದರೆ, ಜಗತ್ತಿನ ಸಿಹಿನೀರಿನ ಕೆರೆಗಳಲ್ಲಿ ಅತಿ ಹೆಚ್ಚಾಗಿರುವ ಹಲವು ಬ್ಯಾಕ್ಟೀರಿಯಾಗಳನ್ನು ಅದುವರೆಗೆ ಯಾರೂ ತಟ್ಟೆಯಲ್ಲಿ ಕಂಡೇ ಇರಲಿಲ್ಲ. ಆಕ್ಟಿನೊಬ್ಯಾಕ್ಟೀರಿಯಾ ಕುಲದ, ತೀರಾ ಪುಟ್ಟ ಕೋಶಗಳ ಒಂದು ಗುಂಪು ಎಷ್ಟೋ ಕೆರೆಗಳಲ್ಲಿ ಒಟ್ಟು ಬ್ಯಾಕ್ಟೀರಿಯಾದ ಅರ್ಧದವರೆಗೂ ಇರುತ್ತದೆ.

ಬಿಸಿಲು ನಾಡಿನಲ್ಲಿ ಗಿಡಮರ, ಹಕ್ಕಿ, ಕೀಟಗಳ ವೈವಿಧ್ಯ ಹೆಚ್ಚು ಎಂಬುದು ಗೊತ್ತಿರುವ ಮಾತು. ಸೂಕ್ಷ್ಮಜೀವಿಗಳಿಗೆ ಈ ನಿಯಮ ಅಷ್ಟು ನೇರವಾಗಿ ಹೊಂದುವುದಿಲ್ಲ. ಅವುಗಳ ಪಟ್ಟಿ ಬದಲಿಸುವುದರಲ್ಲಿ ನೀರಿನ ಉಪ್ಪು, ಕ್ಷಾರ, ಸಿಗುವ ಆಹಾರದ ಪಾತ್ರ ದೊಡ್ಡದು. ಮಹಾರಾಷ್ಟ್ರದ ಲೋಣಾರ್ ಕೆರೆಯ ನೀರು ಉಪ್ಪು ಮತ್ತು ಬಲವಾದ ಕ್ಷಾರದ್ದು. 2020ರ ಜೂನ್‌ನಲ್ಲಿ ಅದು ಗುಲಾಬಿಯಾದಾಗ ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿದರು. ಉಪ್ಪನ್ನೇ ಬಯಸುವ ಆರ್ಕಿಯಾಗಳ ಗುಲಾಬಿ ಬಣ್ಣ ಅದಾಗಿತ್ತು. ಕೆನ್ಯಾದ ನಕುರು ಸರೋವರವೂ ಕ್ಷಾರದ್ದೇ. ಅಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಸ್ಪೈರುಲಿನಾ ತಿಂದು ಒಂದು ಕಾಲಕ್ಕೆ ಲಕ್ಷಗಟ್ಟಲೆ ರಾಜಹಂಸಗಳು ಬದುಕಿದ್ದವು. ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುವ ಸ್ಪೈರುಲಿನಾ ಕೂಡ ಒಂದು ಸಯನೋಬ್ಯಾಕ್ಟೀರಿಯಾ.

## ನಮ್ಮ ಕೆರೆಗಳ ಗುಣ ಬೇರೆ

ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು 23.5 ಡಿಗ್ರಿ ಉತ್ತರದಲ್ಲಿ. ಹುಬ್ಬಳ್ಳಿ, ಗದಗ, ಹಾವೇರಿ 15 ಡಿಗ್ರಿಯ ಆಸುಪಾಸು. ಹಾಗಾಗಿ ಉಣಕಲ್, ಕೆಲಗೇರಿ, ಗದುಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಎಲ್ಲವೂ ಉಷ್ಣವಲಯದ ಕೆರೆಗಳೇ. ಜತೆಗೆ ಇವು ಮನುಷ್ಯ ಕಟ್ಟಿದ, ಆಳವಿಲ್ಲದ ಕೆರೆಗಳು. ಉಷ್ಣ ಮತ್ತು ಆಳ, ಈ ಎರಡು ಸಂಗತಿಗಳಿಂದ ಉಳಿದದ್ದೆಲ್ಲ ಹೊರಡುತ್ತದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ. ಅದೇ ಹೊತ್ತಿಗೆ ಪ್ರತಿ 10 ಡಿಗ್ರಿ ಏರಿಕೆಗೆ ಸೂಕ್ಷ್ಮಜೀವಿಗಳ ಉಸಿರಾಟದ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಸಿಗುವುದು ಕಡಿಮೆ, ಖರ್ಚು ಹೆಚ್ಚು. ಏಪ್ರಿಲ್-ಮೇನಲ್ಲಿ ನಮ್ಮ ಕೆರೆಗಳು ಬೇಗ ನಾರುವುದಕ್ಕೆ ಮೊದಲ ಕಾರಣ ಈ ಲೆಕ್ಕದಲ್ಲಿದೆ.

ಎರಡನೆಯದು ಪದರ. ಬಿಸಿ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣನೆಯದು ಭಾರ, ಕೆಳಗೆ ಕೂರುತ್ತದೆ. 29 ಮತ್ತು 30 ಡಿಗ್ರಿ ನೀರಿನ ನಡುವಿನ ತೂಕದ ವ್ಯತ್ಯಾಸ, 5 ಮತ್ತು 6 ಡಿಗ್ರಿ ನೀರಿನ ನಡುವಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ ನಮ್ಮಲ್ಲಿ ಒಂದೆರಡು ಡಿಗ್ರಿ ಬಿಸಿಲೇ ಪದರ ಕಟ್ಟಲು ಸಾಕು. ಮಧ್ಯಾಹ್ನ ಕೆರೆಗೆ ಇಳಿದವರಿಗೆ ಎದೆಯ ಹತ್ತಿರ ಬೆಚ್ಚಗೆ, ಪಾದಕ್ಕೆ ತಣ್ಣಗೆ ಹತ್ತುವುದು ಇದಕ್ಕೇ. ಚಳಿ ದೇಶದ ಆಳವಾದ ಕೆರೆಗಳಲ್ಲಿ ಈ ಪದರ ಕಟ್ಟಿ, ಒಡೆದು, ನೀರೆಲ್ಲ ಕಲೆಯುವುದು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ. ನಮ್ಮ ಆಳವಿಲ್ಲದ ಕೆರೆಗಳಲ್ಲಿ ಹಗಲು ಕಟ್ಟಿದ ಪದರ ರಾತ್ರಿಯ ತಂಪಿಗೆ, ಗಾಳಿಗೆ ಮತ್ತೆ ಮತ್ತೆ ಒಡೆಯುತ್ತದೆ. ಅಲ್ಲಿ ಋತುಗಳಲ್ಲಿ ಆಗುವ ಏರಿಳಿತ ಇಲ್ಲಿ ಒಂದು ಹಗಲು-ರಾತ್ರಿಯಲ್ಲಿ ಆಗಿಬಿಡಬಹುದು. ಬಿಸಿಲು ನಾಡಿನದೇ ಆದರೂ ಆಫ್ರಿಕಾದ ಟಾಂಗನಿಕಾ ಸರೋವರದ್ದು ಇದಕ್ಕೆ ತದ್ವಿರುದ್ಧ. ಅದರ ಆಳ ಸುಮಾರು 1,470 ಮೀಟರ್. ತಳದ ನೀರು ಮೇಲಿನದರೊಡನೆ ಕಲೆಯುವುದೇ ಇಲ್ಲ, ಅಲ್ಲಿ ಆಮ್ಲಜನಕವೂ ಇಲ್ಲ.

ಮಳೆಗಾಲದಲ್ಲಿ ಇನ್ನೊಂದು ಬದಲಾವಣೆ. ಎರಿ ಹೊಲಗಳ ನುಣ್ಣನೆಯ ಮಣ್ಣು ಹರಿದು ಬಂದು ನೀರು ಕದಡುತ್ತದೆ. ಬೆಳಕು ಒಂದು ಗೇಣು ಕೆಳಗೆ ಇಳಿಯುವುದೂ ಕಷ್ಟವಾಗಿ ಹಸಿರು ಜೀವಿಗಳು ಹಿಂದೆ ಬೀಳುತ್ತವೆ, ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಮಣ್ಣು ತಳಕ್ಕೆ ಕೂತು ನೀರು ತಿಳಿಯಾದ ಮೇಲೆ ಹಸಿರು ಮರಳುತ್ತದೆ.

## ಬೆಳಗಿನ ಜಾವ ಮೀನು ಬಾಯಿ ತೆರೆಯುವುದು

ಹಗಲಿನಲ್ಲಿ ಪಾಚಿ ಮತ್ತು ಸಯನೋಬ್ಯಾಕ್ಟೀರಿಯಾ ಬಿಸಿಲಿನಿಂದ ಆಹಾರ ಮಾಡುತ್ತ ಆಮ್ಲಜನಕ ಬಿಡುತ್ತವೆ. ದಟ್ಟ ಹಸಿರಾದ ಕೆರೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮೇಲ್ಪದರದಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ. ಸೂರ್ಯ ಮುಳುಗಿದ ಮೇಲೆ ಉತ್ಪಾದನೆ ನಿಂತಿತು. ಆದರೆ ಉಸಿರಾಟ ನಿಲ್ಲುವುದಿಲ್ಲ. ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಇದ್ದ ದಾಸ್ತಾನನ್ನೇ ರಾತ್ರಿಯಿಡೀ ಬಳಸುತ್ತವೆ. ಅದು ತಳ ಮುಟ್ಟುವುದು ಬೆಳಗಾಗುವುದಕ್ಕೆ ಸ್ವಲ್ಪ ಮುಂಚೆ.

ಆ ಹೊತ್ತಿಗೆ ದಂಡೆಗೆ ಹೋದರೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಗಾಳಿಗೆ ತಾಗಿದ ತೆಳು ಪದರದಲ್ಲಷ್ಟೇ ಅವಕ್ಕೆ ಉಸಿರು ಸಿಗುತ್ತಿದೆ. ಒಂದು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ತಾಳಲಾರವು. ಹಿಂದಿನ ದಿನ ಮೋಡ ಕವಿದು ಉತ್ಪಾದನೆ ಕಮ್ಮಿಯಾಗಿದ್ದರೆ, ಇಲ್ಲವೇ ಮೊದಲ ಅಡ್ಡ ಮಳೆಗೆ ಗಟಾರದ ಹೊಲಸೆಲ್ಲ ಒಮ್ಮೆಲೇ ಕೆರೆಗೆ ನುಗ್ಗಿದ್ದರೆ ಆ ರಾತ್ರಿ ಕಷ್ಟ. ಬೆಳಗ್ಗೆ ಮೀನು ತೇಲಿದ್ದನ್ನು ಕಂಡು ಯಾರೋ ವಿಷ ಹಾಕಿದರು ಎಂದು ಊರು ಮಾತಾಡುತ್ತದೆ. ಹಾಗೂ ಆಗುವುದುಂಟು. ಆದರೆ ಮೊದಲು ಅಳೆಯಬೇಕಾದದ್ದು ಆಮ್ಲಜನಕ, ಅದೂ ಮುಂಜಾನೆಯದು. ಬಿಸಿಲೇರಿದ ಮೇಲೆ ತೆಗೆದ ನೀರು ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ.

ಅಂತರಗಂಗೆ ಇದಕ್ಕೆ ಇನ್ನೊಂದು ರೀತಿಯಲ್ಲಿ ಕಾರಣವಾಗುತ್ತದೆ. ದಕ್ಷಿಣ ಅಮೆರಿಕ ಮೂಲದ ನೇರಳೆ ಹೂವಿನ ಈ ಕಳೆ ಬಿಡುವ ಆಮ್ಲಜನಕ ಎಲೆಯಿಂದ ಗಾಳಿಗೆ ಹೋಗುತ್ತದೆ. ಕೆಳಗಿನ ನೀರಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ.

## ಕಪ್ಪು ಕೆಸರಿನಲ್ಲಿ ನಡೆಯುವುದು

ನೀರು ಇಳಿದ ಕೆರೆಯ ಅಂಚಿನಲ್ಲಿ ಕಾಲಿಟ್ಟರೆ ಮೇಲೆ ಕಂದು ಪದರ, ಒಳಗೆ ಕರ್ರಗಿನ ರಾಡಿ. ಕಾಲು ಎಳೆದುಕೊಂಡಾಗ ಕೊಳೆತ ತತ್ತಿಯ ವಾಸನೆ ಬರುತ್ತದೆ, ಒಂದೆರಡು ಗುಳ್ಳೆ ಏಳುತ್ತವೆ. ಆ ಕಪ್ಪು ರಾಡಿಯನ್ನು ಕಲ್ಲಿನ ಮೇಲೆ ಹಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಸಣ್ಣ ಘಟನೆಯಲ್ಲಿ ಕೆರೆಯ ತಳದ ಇಡೀ ವ್ಯವಹಾರ ಅಡಗಿದೆ.

ಕೆಸರಿನ ಮೇಲಿನ ತೆಳು ಪದರದಲ್ಲೇ ಆಮ್ಲಜನಕ ಮುಗಿದುಹೋಗುತ್ತದೆ. ಅದಿಲ್ಲದೆ ನಾವು ನಾಲ್ಕು ನಿಮಿಷ ಬದುಕುವುದೂ ಕಷ್ಟ. ಬ್ಯಾಕ್ಟೀರಿಯಾಗಳಿಗೆ ಬೇರೆ ಉಪಾಯಗಳಿವೆ. ಕೆಲವು ನೈಟ್ರೇಟ್‌ನಿಂದ ಉಸಿರಾಡಿ ಸಾರಜನಕವನ್ನು ಗಾಳಿಗೆ ಮರಳಿಸುತ್ತವೆ. ಅದು ಮುಗಿದ ಕಡೆ ಕೆಲವು ಕಬ್ಬಿಣದ ತುಕ್ಕನ್ನು ಬಳಸುತ್ತವೆ, ಅದರಾಚೆ ಇನ್ನು ಕೆಲವು ಸಲ್ಫೇಟ್ ಬಳಸುತ್ತವೆ. ಸಲ್ಫೇಟ್ ಬಳಸುವವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ಕೊಳೆತ ತತ್ತಿಯ ವಾಸನೆ. ಅದು ಕಬ್ಬಿಣದೊಂದಿಗೆ ಸೇರಿ ಕಪ್ಪು ಪುಡಿಯಾಗುತ್ತದೆ, ರಾಡಿಯ ಕಪ್ಪು ಅದು. ಗಾಳಿ ತಾಗಿದಾಗ ಮತ್ತೆ ತುಕ್ಕಾಗಿ ಕಂದು ಬಣ್ಣ.

ಎಲ್ಲಕ್ಕಿಂತ ಕೆಳಗೆ, ಬೇರೇನೂ ಉಳಿಯದ ಕಡೆ, ಆರ್ಕಿಯಾಗಳು ಮಿಥೇನ್ ಮಾಡುತ್ತವೆ. ಹಿತ್ತಲಿನ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಕೆಲಸ ಮಾಡುವ ಕುಲವೇ ಇದು. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಒಂದು ಸರೋವರದ ಕೆಸರನ್ನು ಕೋಲಿನಿಂದ ಕೆದಕಿ, ಎದ್ದ ಗುಳ್ಳೆಗಳನ್ನು ಹಿಡಿದು, ಅವು ಉರಿಯುತ್ತವೆ ಎಂದು ತೋರಿಸಿದ. ಮೇಲೇರುವ ಮಿಥೇನಿನ ಒಂದು ಭಾಗವನ್ನು ದಾರಿಯಲ್ಲೇ ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಇವೆ. ಅವುಗಳಿಗೆ ಆಮ್ಲಜನಕ ಬೇಕು. ಆಳವಿಲ್ಲದ ಕೆರೆಯಲ್ಲಿ ಗುಳ್ಳೆ ನೇರ ಮೇಲಕ್ಕೆ ಬಂದುಬಿಡುವುದರಿಂದ ಅವಕ್ಕೆ ಸಿಗುವುದು ಕಡಿಮೆ, ಗಾಳಿಗೆ ಸೇರುವುದು ಹೆಚ್ಚು.

ಇದನ್ನು ಶಾಲೆಯ ಮಕ್ಕಳು ಕಣ್ಣಾರೆ ನೋಡಬಹುದು. ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ 1880ರ ದಶಕದಲ್ಲಿ ರೂಪಿಸಿದ ಪ್ರಯೋಗ, ಖರ್ಚು ಏನೂ ಇಲ್ಲ. ಎರಡು ಲೀಟರಿನ ಪಾರದರ್ಶಕ ಬಾಟಲಿ, ಕೆರೆಯಂಚಿನ ರಾಡಿ, ಹರಿದ ಸುದ್ದಿಪತ್ರಿಕೆ ಒಂದು ಹಾಳೆ, ಶೇಂಗಾ ಹೊಲಕ್ಕೆ ಹಾಕುವ ಜಿಪ್ಸಂ ಒಂದು ಚಮಚ ಸಾಕು. ಜಿಪ್ಸಂನಲ್ಲಿ ಸಲ್ಫೇಟ್ ಇದೆ, ಕಾಗದ ಆಹಾರ. ಎಲ್ಲ ಕಲಸಿ ಮುಕ್ಕಾಲು ಬಾಟಲಿ ತುಂಬಿ, ಮೇಲೆ ಕೆರೆಯ ನೀರು ಹೊಯ್ದು, ಮುಚ್ಚಳ ಸಡಿಲವಾಗಿಟ್ಟು ಕಿಟಕಿಯ ಬೆಳಕಿಗೆ ಇಡಬೇಕು. ಒಂದೆರಡು ತಿಂಗಳಲ್ಲಿ ತಳಕ್ಕೆ ಕಪ್ಪು, ಅದರ ಮೇಲೆ ಹಸಿರು, ನೇರಳೆ, ತುಕ್ಕಿನ ಬಣ್ಣದ ಪಟ್ಟೆಗಳು ಮೂಡುತ್ತವೆ. ಒಂದೊಂದು ಪಟ್ಟೆಯೂ ಬೇರೆ ಬೇರೆ ಬ್ಯಾಕ್ಟೀರಿಯಾ ಕುಲದ್ದು. ನೇರಳೆಯವು ಬಿಸಿಲು ಮತ್ತು ಸಲ್ಫೈಡ್ ಎರಡೂ ಸಿಗುವ ಮಟ್ಟವನ್ನು ಹುಡುಕಿ ಅಲ್ಲೇ ನೆಲೆಸುತ್ತವೆ. ರಾಡಿ ಮುಟ್ಟಿದ ಕೈ ಸಾಬೂನಿನಿಂದ ತೊಳೆಯುವುದನ್ನು ಮರೆಯಬಾರದು.

## ನೀರು ದಿಢೀರ್ ಹಸಿರಾದಾಗ

ಸಯನೋಬ್ಯಾಕ್ಟೀರಿಯಾಗಳಿಗೆ ಬಿಸಿ, ನಿಂತ, ಗೊಬ್ಬರ ತುಂಬಿದ ನೀರು ಇಷ್ಟ. 25 ಡಿಗ್ರಿ ದಾಟಿದರೆ ಅವುಗಳಲ್ಲಿ ಹಲವು ಉಳಿದ ಪಾಚಿಗಳನ್ನು ಹಿಂದಿಕ್ಕುತ್ತವೆ. ನಮ್ಮಲ್ಲಿ ವರ್ಷದ ಬಹುಭಾಗ ನೀರು ಅದೇ ಉಷ್ಣತೆಯಲ್ಲಿರುತ್ತದೆ. ಮೈಕ್ರೋಸಿಸ್ಟಿಸ್ ಎಂಬ ಸಾಮಾನ್ಯ ಜಾತಿಯ ಕೋಶದೊಳಗೆ ಗಾಳಿ ತುಂಬಿದ ಸೂಕ್ಷ್ಮ ಚೀಲಗಳಿವೆ. ಬೆಳಕು ಬೇಕೆಂದರೆ ಮೇಲೆ ತೇಲುತ್ತದೆ, ಆಹಾರ ಬೇಕೆಂದರೆ ಕೆಳಗಿಳಿಯುತ್ತದೆ. ಅನಬೀನಾ ಎಂಬ ಇನ್ನೊಂದು ಸಯನೋಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರ ಮಾಡಿಕೊಳ್ಳುತ್ತದೆ. ದನಕ್ಕೆ ತಿನ್ನಿಸುವ, ಭತ್ತದ ಗದ್ದೆಗೆ ಬಿಡುವ ಅಜೋಲ್ಲಾದ ಎಲೆಯೊಳಗೆ ಇದರ ನೆಂಟನೊಂದು ವಾಸವಾಗಿದೆ, ಹಾನಗಲ್ ಸೀಮೆಯ ಭತ್ತದ ರೈತರಿಗೆ ಅದರ ಉಪಯೋಗ ಗೊತ್ತು. ಹೊಲದಲ್ಲಿ ಉಪಕಾರಿಯಾದ ಈ ಗುಣವೇ ಕೆರೆಯಲ್ಲಿ ತೊಡಕು. ಸಾರಜನಕವನ್ನು ತಡೆದರೂ ಅದಕ್ಕೆ ಲೆಕ್ಕವಿಲ್ಲ. ಅದನ್ನು ಕಟ್ಟಿಹಾಕಬಲ್ಲದ್ದು ಮುಖ್ಯವಾಗಿ ರಂಜಕ.

ರಂಜಕ ಬರುವುದು ಮನೆಗಳ ಕೊಳಚೆ ನೀರಿನಿಂದ, ಬಟ್ಟೆ ತೊಳೆಯುವ ಪುಡಿಯಿಂದ, ಹೊಲಗಳಿಂದ ಹರಿದ ಡಿಎಪಿಯಿಂದ. ಹೀಗೆ ಬಂದದ್ದರಲ್ಲಿ ಬಹಳಷ್ಟು ಕಬ್ಬಿಣಕ್ಕೆ ಅಂಟಿಕೊಂಡು ಹೂಳಿನಲ್ಲಿ ಕೂರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ತುಕ್ಕನ್ನು ಬಳಸುತ್ತವೆ ಎಂದೆನಲ್ಲ, ಆಗ ಆ ಹಿಡಿತ ಸಡಿಲಿ ರಂಜಕ ಮರಳಿ ನೀರಿಗೆ ಬರುತ್ತದೆ. ಗಟಾರದ ಬಾಯಿ ಮುಚ್ಚಿದ ಮೇಲೂ ಕೆರೆ ವರ್ಷಗಟ್ಟಲೆ ಹಸಿರಾಗುತ್ತಲೇ ಇರುವುದು ಇದಕ್ಕೇ. ಕೆಲಸ ವ್ಯರ್ಥವಾಯಿತು ಎಂದು ಜನ ಬೇಸರಪಟ್ಟುಕೊಳ್ಳುವ ಹಂತ ಇದು. ತಾಳ್ಮೆ ಬೇಕಾದದ್ದೂ ಇಲ್ಲಿಯೇ. ಹೂಳೆತ್ತಿ ಮಸಾರಿ ಹೊಲಗಳಿಗೆ ಹಾಕುವ ನಮ್ಮ ಹಳೆಯ ರೂಢಿ ರಂಜಕವನ್ನು ಕೆರೆಯಿಂದ ಬೆಳೆಗೆ ದಾಟಿಸುತ್ತಿತ್ತು. ಆದರೆ ನಗರದ ಕೊಳಚೆ ಸೇರಿದ ಕೆರೆಯ ಹೂಳಿನಲ್ಲಿ ಸೀಸದಂಥ ಲೋಹಗಳಿರಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಅದನ್ನು ಹೊಲಕ್ಕೆ ಹಾಕುವುದು ಸರಿಯಲ್ಲ.

ಹಸಿರೆಲ್ಲ ವಿಷವಲ್ಲ. ಸರಳ ಪರೀಕ್ಷೆಯೊಂದಿದೆ. ಕೈಗವಸು ಹಾಕಿಕೊಂಡು ಗಾಜಿನ ಸೀಸೆಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಅಲುಗಾಡಿಸದೆ ಒಂದು ರಾತ್ರಿ ಇಡಿ. ಹಸಿರು ತಳಕ್ಕೆ ಕೂತರೆ ಬಹುಶಃ ಸಾಮಾನ್ಯ ಪಾಚಿ. ಮೇಲೆ ಪದರವಾಗಿ ತೇಲಿದರೆ ಸಯನೋಬ್ಯಾಕ್ಟೀರಿಯಾ ಇರುವ ಸಂಭವ ಹೆಚ್ಚು. ಕೋಲು ಅದ್ದಿದಾಗ ಎಳೆ ಎಳೆಯಾಗಿ ಜೋತುಬಿದ್ದರೆ ಪಾಚಿ, ಬಣ್ಣದಂತೆ ಮೆತ್ತಿಕೊಂಡರೆ ಮತ್ತೆ ಅದೇ ಸಂಶಯ. ವಿಷ ಇದೆಯೋ ಇಲ್ಲವೋ ಎಂಬುದನ್ನು ಹೇಳಲು ಪ್ರಯೋಗಾಲಯವೇ ಬೇಕು.

ಕೆಲವು ಸಯನೋಬ್ಯಾಕ್ಟೀರಿಯಾಗಳ ವಿಷ ದನಗಳನ್ನು ಕೊಂದ ಬಗ್ಗೆ ಜಾರ್ಜ್ ಫ್ರಾನ್ಸಿಸ್ ಎಂಬಾತ ಆಸ್ಟ್ರೇಲಿಯಾದಿಂದ 1878ರಲ್ಲೇ ಬರೆದಿದ್ದ. ಮೈಕ್ರೋಸಿಸ್ಟಿನ್ ಎಂಬ ವಿಷ ನಾಟುವುದು ಯಕೃತ್ತಿಗೆ. ನೀರು ಕುದಿಸಿದರೆ ಅದು ಹೋಗುವುದಿಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದಲ್ಲಿ ಇಂಥ ನೀರಿನಿಂದ ಡಯಾಲಿಸಿಸ್ ಮಾಡಿಸಿಕೊಂಡ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಕುಡಿಯುವ ನೀರಿನಲ್ಲಿ ಈ ವಿಷ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಹಸಿರು ಕಂಡೊಡನೆ ಮೈಲುತುತ್ತ ಸುರಿಯುವವರಿಗೆ ಒಂದು ಮಾತು. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ಹೀಗೆ ಮೈಲುತುತ್ತ ಹಾಕಿದ ಕೆಲವೇ ದಿನಗಳಲ್ಲಿ 148 ಜನ ಕಾಯಿಲೆ ಬಿದ್ದರು, ಹೆಚ್ಚಿನವರು ಮಕ್ಕಳು. ಕೋಶಗಳು ಒಡೆದು, ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬಂದಿತ್ತು.

ಮಣ್ಣಿನ ವಾಸನೆಯ ವಿಷಯ ಬೇರೆ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. ಬೇಸಿಗೆಯಲ್ಲಿ ಇಂಥ ಯಾವುದೇ ಜಲಾಶಯದ ನೀರಿಗೆ ಮೊದಲ ಮಳೆಯ ನೆಲದ ಘಮ ಹತ್ತಬಹುದು. ಎರಡೂ ಕಡೆ ಇರುವುದು ಜಿಯೋಸ್ಮಿನ್ ಎಂಬ ಒಂದೇ ವಸ್ತು. ಕೆಲವು ಸಯನೋಬ್ಯಾಕ್ಟೀರಿಯಾ ಮತ್ತು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ. ಒಂದು ಲೀಟರಿನಲ್ಲಿ ಒಂದು ಗ್ರಾಂನ ನೂರು ಕೋಟಿಯಲ್ಲಿ ಐದರಿಂದ ಹತ್ತು ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಜಿಯೋಸ್ಮಿನ್ ಸ್ವತಃ ಅಪಾಯಕಾರಿಯಲ್ಲ.

## ಮಾಗಡಿಗೆ ಬರುವ ಹೆಬ್ಬಾತುಗಳು

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಅದು ಹೆಸರಾಗಿದೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯ್ದು, ವಿಶ್ರಾಂತಿಗೆ ಕೆರೆಗೆ ಇಳಿಯುತ್ತವೆ. ಹೊಲದಲ್ಲಿ ತಿಂದದ್ದರ ಒಂದು ಪಾಲು ಹಿಕ್ಕೆಯಾಗಿ ನೀರು ಸೇರುತ್ತದೆ. ಸಾರಜನಕ, ರಂಜಕ ಎರಡೂ ಅದರಲ್ಲಿವೆ, ಹಕ್ಕಿಯ ಕರುಳಿನ ಬ್ಯಾಕ್ಟೀರಿಯಾಗಳೂ ಇವೆ. ಕೆರೆಯ ಸೂಕ್ಷ್ಮಜೀವಿಗಳು ಇದನ್ನು ಅರಗಿಸಿಕೊಂಡು ಪಾಚಿಗೆ ಕೊಡುತ್ತವೆ, ಪಾಚಿಯನ್ನು ಪುಟ್ಟ ಜಲಕೀಟಗಳು ತಿನ್ನುತ್ತವೆ, ಅವನ್ನು ಮೀನು. ಹಕ್ಕಿಗಳ ಗೊಬ್ಬರ ಬರುವುದು ಚಳಿಗಾಲದ ಕೆಲವು ತಿಂಗಳು ಮಾತ್ರ. ನಗರದ ಕೊಳಚೆ ವರ್ಷದ ಎಲ್ಲ ದಿನವೂ ಬರುತ್ತದೆ, ಜತೆಗೆ ಮನುಷ್ಯನ ಕರುಳಿನ ರೋಗಾಣುಗಳನ್ನೂ ಆಂಟಿಬಯಾಟಿಕ್‌ಗೆ ಬಗ್ಗದ ಜೀನ್‌ಗಳನ್ನೂ ತರುತ್ತದೆ. ಬ್ಯಾಕ್ಟೀರಿಯಾಗಳು ಅಂಥ ಜೀನ್‌ಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಬಲ್ಲವು.

## ಈಜಬಹುದೇ, ಕುಡಿಯಬಹುದೇ, ಮೀನು ತಿನ್ನಬಹುದೇ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ವಿಂಗಡಿಸುತ್ತದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಗೆ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ಮೀರಬಾರದು, ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಮೀನು ಸಾಕಣೆಯ ‘ಡಿ’ ದರ್ಜೆಗೆ ಕನಿಷ್ಠ 4 ಮಿಲಿಗ್ರಾಂ. ಕೋಲಿಫಾರ್ಮ್‌ಗಳೆಲ್ಲ ರೋಗ ತರುವವಲ್ಲ. ಅವುಗಳ ಸಂಖ್ಯೆ ಏರಿದರೆ ಮಲದ ನೀರು ಸೇರಿರಬಹುದು ಎಂಬ ಸೂಚನೆ. ನಿಮ್ಮೂರ ಕೆರೆಯ ವರದಿ ಕೈಗೆ ಸಿಕ್ಕರೆ ಮೊದಲು ಈ ಎರಡು ಅಂಕಿ ನೋಡಿ.

ಅಮೀಬಾದ ವಿಷಯ: ನೇಗ್ಲೇರಿಯಾ ಫೌಲೆರಿ ಬೆಚ್ಚನೆಯ ಸಿಹಿನೀರಿನಲ್ಲಿ, ಕೆಸರಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಜೀವಿ. ಅದು ದೇಹ ಸೇರುವುದು ಮೂಗಿನ ಮೂಲಕ. ನೀರು ನುಂಗಿದರೆ ಈ ಸೋಂಕು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೂ ಹರಡುವುದಿಲ್ಲ. ಸೋಂಕು ಬಹಳ ಅಪರೂಪ, ಬಂದರೆ ಬಹುತೇಕ ಮಾರಕ. ಬೇಸಿಗೆಯಲ್ಲಿ ನೀರು ತಗ್ಗಿ ಬಿಸಿಯಾದ ಕೆರೆ, ಕಲ್ಯಾಣಿಗೆ ಮೇಲಿನಿಂದ ಹಾರುವುದು, ಮುಳುಗಿ ಕೆಸರು ಕದಡುವುದು ಬೇಡ. ಈಜಿದ ಹನ್ನೆರಡು ದಿನಗಳೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿಯುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ, ಕೆರೆಯಲ್ಲಿ ಈಜಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಆ ಒಂದು ಮಾತಿನಿಂದ ಪತ್ತೆ ಬೇಗ ಆಗುತ್ತದೆ.

ಕುಡಿಯಲು ಕೆರೆ ನೀರನ್ನೇ ನೆಚ್ಚಬೇಕಾದ ಕಡೆ ಸೋಸುವುದು, ಕುದಿಸುವುದು ಎರಡೂ ಬೇಕು. ಲಕ್ಕುಂಡಿ, ಲಕ್ಷ್ಮೇಶ್ವರದ ಬಸದಿಗಳಿರುವ ನಮ್ಮ ಸೀಮೆಯಲ್ಲಿ ಜೈನ ಮನೆತನಗಳು ನೀರನ್ನು ಬಟ್ಟೆಯಲ್ಲಿ ಸೋಸುವ ಪದ್ಧತಿ ಹಳೆಯದು. ಅದರ ಬಲ ಎಷ್ಟು ಎಂಬುದನ್ನು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಳೆದು 2003ರಲ್ಲಿ ಪ್ರಕಟಿಸಿತು. ಹಳೆಯ ಹತ್ತಿ ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಕಡೆ ಕಾಲರಾ ಶೇ 48ರಷ್ಟು ಕಡಿಮೆಯಾಗಿತ್ತು. ಬಟ್ಟೆಯ ಕಣ್ಣುಗಳಲ್ಲಿ ಬ್ಯಾಕ್ಟೀರಿಯಾ ಸಲೀಸಾಗಿ ನುಸುಳುತ್ತದೆ. ಆದರೆ ಕಾಲರಾ ಬ್ಯಾಕ್ಟೀರಿಯಾ ಪುಟ್ಟ ಜಲಕೀಟಗಳ ಮೈಗೆ ಅಂಟಿಕೊಂಡು ಬದುಕುತ್ತದೆ, ಬಟ್ಟೆ ತಡೆಯುವುದು ಆ ಕೀಟಗಳನ್ನು. ಉಳಿದದ್ದಕ್ಕೆ ಕುದಿಸುವುದೇ ಮದ್ದು. ದಟ್ಟ ಹಸಿರಾದ ನೀರಿಗೆ ಮಾತ್ರ ಎರಡೂ ಸಾಲವು, ಅದನ್ನು ಕುಡಿಯಲೂ ಬಾರದು, ದನಕ್ಕೆ ಕುಡಿಸಲೂ ಬಾರದು.

ಕೆರೆ ಹಸಿರಾಗಿರುವಾಗ ಹಿಡಿದ ಮೀನಿನಲ್ಲಿ ಮೈಕ್ರೋಸಿಸ್ಟಿನ್ ಹೆಚ್ಚಾಗಿ ಸೇರಿರುವುದು ಯಕೃತ್ತು ಮತ್ತು ಕರುಳಿನಲ್ಲಿ. ಅವನ್ನು ಪೂರ್ತಿ ತೆಗೆದು, ಮಾಂಸವನ್ನು ಶುದ್ಧ ನೀರಿನಲ್ಲಿ ತೊಳೆದು ಬೇಯಿಸಬೇಕು. ತೇಲಿ ಬಂದ ಸತ್ತ ಮೀನನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು.